ನೆಲದ ಒಡೆತನ, ರಾಜ್ಯದ ಅಧಿಕಾರ ಮತ್ತು ಪರಿಹಾರ: ಮುಂಬಯಿ ನಗರದ ಅನುಭವ

ರಸ್ತೆ, ರೈಲುಮಾರ್ಗ, ಆಸ್ಪತ್ರೆ, ಶಾಲೆ, ವಸತಿ ಮೊದಲಾದ ಸಾರ್ವಜನಿಕ ಕಾರ್ಯಗಳಿಗಾಗಿ ಖಾಸಗಿ ಭೂಮಿಯನ್ನು ಪಡೆಯುವ ಅಧಿಕಾರ ಸರ್ಕಾರಕ್ಕೆ ಇದೆ. ಭೂಮಾಲೀಕನ ಒಪ್ಪಿಗೆ ಇಲ್ಲದಿದ್ದರೂ ಈ ಅಧಿಕಾರವನ್ನು ಚಲಾಯಿಸಬಹುದು. ಆದರೆ ಅದು ಕಡಿವಾಣವಿಲ್ಲದ ಅಧಿಕಾರವಲ್ಲ. ಕಾನೂನಿನ ಆಧಾರವಿಲ್ಲದೆ ಯಾವ ವ್ಯಕ್ತಿಯನ್ನೂ ಆತನ ಸ್ವತ್ತಿನಿಂದ ವಂಚಿತನನ್ನಾಗಿ ಮಾಡುವಂತಿಲ್ಲ ಎಂದು ಸಂವಿಧಾನದ 300ಎ ಅನುಚ್ಛೇದವು ವಿಧಿಸುತ್ತದೆ. ಈ ಒಂದು ವಾಕ್ಯದ ಅರ್ಥವ್ಯಾಪ್ತಿ ಎಷ್ಟು, ಪರಿಹಾರವೆಂಬುದು ಅದರಲ್ಲಿ ಅಡಕವಾಗಿದೆಯೇ, ಪರಿಹಾರ ಎಷ್ಟಿರಬೇಕು ಎಂಬ ಪ್ರಶ್ನೆಗಳು ದೇಶದ ನ್ಯಾಯಾಲಯಗಳನ್ನು ದಶಕಗಳ ಕಾಲ ಕಾಡಿವೆ.

ಇವುಗಳನ್ನು ಅರಿಯಲು ಮುಂಬಯಿಗಿಂತ ತಕ್ಕ ನಗರ ಮತ್ತೊಂದಿಲ್ಲ. ಹಳ್ಳಿಯಲ್ಲಿ ಸಾಮಾನ್ಯವಾಗಿ ಹೊಲದ ಒಡೆಯನೂ ಅದನ್ನು ಉಳುವವನೂ ಒಬ್ಬನೇ ಆಗಿರುತ್ತಾನೆ. ಮುಂಬಯಿಯ ಗಿರಗಾಂವ್, ಪರೇಲ್, ದಾದರ್ ಮೊದಲಾದೆಡೆಗಳ ಹಳೆಯ ಕಟ್ಟಡಗಳಲ್ಲಿ ಹಾಗಲ್ಲ. ನೆಲ ಮತ್ತು ಕಟ್ಟಡ ಒಬ್ಬನವು. ಖೋಲಿಗಳಲ್ಲಿ ಎರಡು ಮೂರು ತಲೆಮಾರುಗಳಿಂದ ವಾಸವಾಗಿರುವವರು ಪಗಡಿ ಹಣ ಕೊಟ್ಟು ಒಳಹೊಕ್ಕ ಬಾಡಿಗೆದಾರರು. ಕೆಳ ಅಂತಸ್ತಿನಲ್ಲಿ ದಕ್ಷಿಣ ಕನ್ನಡ, ಉಡುಪಿಗಳ ಕಡೆಯಿಂದ ಬಂದವರು ಬಾಡಿಗೆಯ ಜಾಗದಲ್ಲಿಯೇ ಹೋಟೆಲು ನಡೆಸುತ್ತಿರುವುದೂ ಉಂಟು. ಒಂದೇ ನೆಲದ ಮೇಲೆ ಹಲವರ ಬದುಕು ನಿಂತಿರುವಾಗ ಸರ್ಕಾರ ಪಡೆಯುವುದು ಯಾರ ಸ್ವತ್ತನ್ನು? ಪರಿಹಾರ ಸಲ್ಲಬೇಕಾದುದು ಯಾರಿಗೆ?

ಪ್ಲೇಗಿನ ನಂತರ

ಮುಂಬಯಿಯಲ್ಲಿ ಈ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದ್ದದ್ದು 1896ರ ಪ್ಲೇಗಿನ ತರುವಾಯ. ಗಾಳಿ ಬೆಳಕುಗಳಿಲ್ಲದ ಕೇರಿಗಳೇ ರೋಗದ ಮೂಲವೆಂದು ಬಗೆದು 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಲಾಯಿತು. ಆಗ ಹೊಸದಾಗಿದ್ದ 1894ರ ಭೂಸ್ವಾಧೀನ ಕಾಯಿದೆಯ ಬಲದಿಂದ ಟ್ರಸ್ಟು ಮನೆಗಳನ್ನು ಪಡೆದು, ಕೆಡವಿ, ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳನ್ನು ತೆರೆಯಿತು. ದಾದರ್ ಮತ್ತು ಮಾಟುಂಗಾ ಬಡಾವಣೆಗಳನ್ನು ರಚಿಸಿತು. ಮುಂದೆ ದಕ್ಷಿಣ ಭಾರತೀಯರ ನೆಲೆಯಾದ ಮಾಟುಂಗಾ ಹೀಗೆ ಸ್ವಾಧೀನವಾದ ನೆಲದ ಮೇಲೆ ಎದ್ದ ಬಡಾವಣೆ. 1933ರಲ್ಲಿ ಟ್ರಸ್ಟು ನಗರಸಭೆಯಲ್ಲಿ ವಿಲೀನಗೊಂಡಿತು. ಟ್ರಸ್ಟಿನ ಕಾಲದಲ್ಲಿ ಪರಿಹಾರ ದೊರೆತದ್ದು ಮುಖ್ಯವಾಗಿ ಮಾಲೀಕರಿಗೆ. ಕೆಡವಿದ ಖೋಲಿಗಳಲ್ಲಿದ್ದ ಬಡ ಬಾಡಿಗೆದಾರರಲ್ಲಿ ಬಹಳಷ್ಟು ಮಂದಿ ಪಕ್ಕದ ಇಕ್ಕಟ್ಟಿನ ಕೇರಿಗಳನ್ನೇ ಸೇರಿಕೊಂಡರು.

ಮೂಲಭೂತ ಹಕ್ಕಿನ ಸ್ಥಾನ ಹೋದದ್ದು

1950ರಲ್ಲಿ ಸಂವಿಧಾನವು ಜಾರಿಗೆ ಬಂದಾಗ ಸ್ವತ್ತಿನ ಹಕ್ಕು ಮೂಲಭೂತ ಹಕ್ಕುಗಳಲ್ಲಿ ಒಂದಾಗಿತ್ತು. 19ನೆಯ ಅನುಚ್ಛೇದದ ಒಂದು ಉಪಖಂಡವೂ 31ನೆಯ ಅನುಚ್ಛೇದವೂ ಅದನ್ನು ರಕ್ಷಿಸುತ್ತಿದ್ದವು. ಜಮೀನ್ದಾರಿ ರದ್ದತಿ ಮತ್ತು ಭೂಸುಧಾರಣೆಗಳ ಕಾಲದಲ್ಲಿ ಈ ರಕ್ಷಣೆಯೇ ಅಡ್ಡಿಯಾಗಿ ಕಂಡಿದ್ದರಿಂದ ತಿದ್ದುಪಡಿಗಳು ಒಂದರ ಹಿಂದೆ ಒಂದರಂತೆ ಬಂದವು. ಈ ಇತಿಹಾಸದಲ್ಲಿ ಮುಂಬಯಿಗೂ ಕನ್ನಡ ನಾಡಿಗೂ ಪದೇ ಪದೇ ಸಂಬಂಧ ಏರ್ಪಟ್ಟಿರುವುದು ಕುತೂಹಲದ ಸಂಗತಿ. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಇದ್ದವು. ಅದನ್ನು ಪ್ರಶ್ನಿಸಿದವರು ಮುಂಬಯಿಯ ರುಸ್ತಮ್ ಕಾವಸ್‌ಜಿ ಕೂಪರ್. 1970ರ ಫೆಬ್ರುವರಿ 10ರಂದು ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯನ್ನು ರದ್ದುಪಡಿಸಿತು. ಪರಿಹಾರದ ತತ್ತ್ವಗಳು ಸರಿಯಿಲ್ಲವೆಂಬುದು ಅದರ ಕಾರಣಗಳಲ್ಲಿ ಒಂದು. ಇದಕ್ಕೆ ಉತ್ತರವಾಗಿ 1971ರ 25ನೆಯ ತಿದ್ದುಪಡಿಯು 31ನೆಯ ಅನುಚ್ಛೇದದಲ್ಲಿ ‘ಪರಿಹಾರ’ ಎಂಬ ಪದವನ್ನು ತೆಗೆದು ‘ಮೊತ್ತ’ ಎಂಬ ಪದವನ್ನು ಇರಿಸಿತು. ಸಂಪನ್ಮೂಲಗಳ ನ್ಯಾಯೋಚಿತ ಹಂಚಿಕೆಗಾಗಿ ಮಾಡಿದ ಕಾನೂನುಗಳಿಗೆ ರಕ್ಷಣೆ ನೀಡುವ 31ಸಿ ಅನುಚ್ಛೇದವನ್ನೂ ಅದು ಸೇರಿಸಿತು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ್ದ ದಾವೆಯಲ್ಲಿ, 1973ರ ಏಪ್ರಿಲ್ 24ರಂದು, 13 ನ್ಯಾಯಮೂರ್ತಿಗಳ ಪೀಠವು ಈ ಅನುಚ್ಛೇದದ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಕೇಶವಾನಂದ ಭಾರತೀ ಮೊಕದ್ದಮೆಯೆಂದು ಪ್ರಸಿದ್ಧವಾದುದು ಇದೇ.

ಕೊನೆಗೆ 1978ರ 44ನೆಯ ತಿದ್ದುಪಡಿಯು 1979ರ ಜೂನ್ 20ರಿಂದ ಸ್ವತ್ತಿನ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿನಿಂದ ತೆಗೆದು 300ಎ ಅನುಚ್ಛೇದವಾಗಿ ಇರಿಸಿತು. ಇದರಿಂದ ಹಕ್ಕೇ ಹೋಯಿತೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ, ಸ್ಥಾನ ಬದಲಾಯಿತೇ ಹೊರತು ಹಕ್ಕು ಉಳಿದಿದೆ. ಹೊಸ ಅನುಚ್ಛೇದದಲ್ಲಿ ಪರಿಹಾರದ ಮಾತಿಲ್ಲ ಎಂಬುದು ನಿಜ. ಆದರೆ ಬೆಂಗಳೂರಿನ ಹೊರವಲಯದ ರೋರಿಕ್ ಮತ್ತು ದೇವಿಕಾರಾಣಿ ಎಸ್ಟೇಟನ್ನು ಕರ್ನಾಟಕ ಸರ್ಕಾರ ಪಡೆದುಕೊಂಡ ಪ್ರಕರಣದಲ್ಲಿ 2011ರಲ್ಲಿ ಸಂವಿಧಾನ ಪೀಠವು ಸಾರ್ವಜನಿಕ ಉದ್ದೇಶ ಕಡ್ಡಾಯವೆಂದೂ, ಪರಿಹಾರದ ಹಕ್ಕನ್ನು ಅನುಚ್ಛೇದದೊಳಗೆ ಊಹಿಸಿಕೊಳ್ಳಬೇಕೆಂದೂ ಹೇಳಿತು.

ನೂರು ತಿಂಗಳ ಬಾಡಿಗೆ

ಈಗ ಮುಂಬಯಿಯ ಹಳೆಯ ಕಟ್ಟಡಗಳಿಗೆ ಬರೋಣ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು ಹಳೆಯ ವಸತಿಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರಂದು ಇದ್ದ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಾನಂತರದ ವಸತಿ ಅಭಾವದ ದಿನಗಳಲ್ಲಿ ಬಾಡಿಗೆದಾರನಿಗೆ ಇದರಿಂದ ದೊಡ್ಡ ಆಸರೆಯಾಯಿತು. ಆದರೆ ಬೆಲೆಗಳು ಏರುತ್ತ ಹೋದಂತೆ ಬಾಡಿಗೆಯ ಹಣ ದುರಸ್ತಿಗೂ ಸಾಲದಾಯಿತು. ಮಾಲೀಕರು ಕೈಬಿಟ್ಟರು, ಮಳೆಗಾಲದಲ್ಲಿ ಕಟ್ಟಡಗಳು ಕುಸಿಯತೊಡಗಿದವು. ಆಗ 1969ರಲ್ಲಿ ಕಟ್ಟಡ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಲಿಯ ಕಾಯಿದೆ ರೂಪುಗೊಂಡು, ದ್ವೀಪನಗರದ ಹಳೆಯ ಬಾಡಿಗೆ ಕಟ್ಟಡಗಳ ಮೇಲೆ ದುರಸ್ತಿ ಉಪಕರವನ್ನು, ಅಂದರೆ ಸೆಸ್ಸನ್ನು, ವಿಧಿಸಲಾಯಿತು. ಹೀಗೆ ಉಪಕರಕ್ಕೆ ಒಳಪಟ್ಟವು ಮೂಲದಲ್ಲಿ 19,642 ಕಟ್ಟಡಗಳು. ಅವುಗಳಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರಿಗೂ ಹಿಂದಿನವು. 1976ರ ಕಾಯಿದೆಯಡಿ ಮಹಾರಾಷ್ಟ್ರ ವಸತಿ ಮತ್ತು ಪ್ರದೇಶಾಭಿವೃದ್ಧಿ ಪ್ರಾಧಿಕಾರ ರಚನೆಗೊಂಡಾಗ ಈ ಹೊಣೆಯೂ ಅದಕ್ಕೆ ಸೇರಿತು. ಜನರು ‘ಮ್ಹಾಡಾ’ ಎಂದು ಕರೆಯುವುದು ಇದನ್ನೇ.

1986ರಲ್ಲಿ ಆ ಕಾಯಿದೆಗೆ 8ಎ ಎಂಬ ಅಧ್ಯಾಯವನ್ನು ಸೇರಿಸಲಾಯಿತು. ಒಂದು ಉಪಕರ ಕಟ್ಟಡದ ನಿವಾಸಿಗಳಲ್ಲಿ ಶೇಕಡಾ 70ರಷ್ಟು ಮಂದಿ ಸಹಕಾರ ಸಂಘವನ್ನು ಕಟ್ಟಿಕೊಂಡು ಅರ್ಜಿ ಸಲ್ಲಿಸಿದರೆ, ಸರ್ಕಾರವು ಕಟ್ಟಡವನ್ನೂ ಅದರ ನೆಲವನ್ನೂ ಸ್ವಾಧೀನಪಡಿಸಿಕೊಂಡು ಆ ಸಂಘಕ್ಕೆ ವರ್ಗಾಯಿಸಬಹುದು. ಮಾಲೀಕನಿಗೆ ಸಲ್ಲುವ ಮೊತ್ತ ಮಾಸಿಕ ಬಾಡಿಗೆಯ ನೂರು ಪಟ್ಟು.

ಈ ನೂರು ಪಟ್ಟಿನ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಇಪ್ಪತ್ತು ಖೋಲಿಗಳ ಒಂದು ಚಾಳ್ ಇದೆ, ಖೋಲಿಯೊಂದಕ್ಕೆ ತಿಂಗಳಿಗೆ ಐವತ್ತು ರೂಪಾಯಿ ಬಾಡಿಗೆ ಎಂದು ಇಟ್ಟುಕೊಳ್ಳೋಣ. ತಿಂಗಳಿಗೆ ಒಟ್ಟು ಸಾವಿರ ರೂಪಾಯಿ. ನೂರು ತಿಂಗಳಿಗೆ ಒಂದು ಲಕ್ಷ. ದಕ್ಷಿಣ ಮುಂಬಯಿಯ ಒಂದು ಇಡೀ ಕಟ್ಟಡಕ್ಕೂ ಅದರಡಿಯ ನೆಲಕ್ಕೂ ಬರುವ ಹಣ ಅಷ್ಟೇ. ಬಾಡಿಗೆಯನ್ನು ಕಾನೂನೇ ಹೆಪ್ಪುಗಟ್ಟಿಸಿತ್ತು. ಆ ಹೆಪ್ಪುಗಟ್ಟಿದ ಬಾಡಿಗೆಯನ್ನೇ ಮತ್ತೊಂದು ಕಾನೂನು ಬೆಲೆಯ ಅಳತೆಗೋಲಾಗಿ ಬಳಸಿತು. ಮಾಲೀಕರ ದೂರು ನಿರಾಧಾರವಾಗಿರಲಿಲ್ಲ ಎಂದು ಒಪ್ಪಲೇಬೇಕು. ಆದರೆ ಇನ್ನೊಂದು ಪಕ್ಷದ ಮಾತೂ ಹಗುರವಾದುದಲ್ಲ. ಪಗಡಿಯ ರೂಪದಲ್ಲಿ ದೊಡ್ಡ ಮೊತ್ತವನ್ನು ತೆತ್ತು, ಸೀಳು ಬಿಟ್ಟ ಛಾವಣಿಯ ಕೆಳಗೆ ಮಳೆಗಾಲವನ್ನು ಕಳೆಯುವ ಕುಟುಂಬಕ್ಕೆ ಕಟ್ಟಡವನ್ನು ತಾನೇ ಪಡೆದು ಹೊಸದಾಗಿ ಕಟ್ಟಿಕೊಳ್ಳುವ ಅವಕಾಶ ಪ್ರಾಣರಕ್ಷಣೆಯ ಮಾರ್ಗವಾಗಿತ್ತು. ಪಗಡಿ ಪದ್ಧತಿಗೆ ಕಾನೂನಿನ ಮನ್ನಣೆ ದೊರೆತದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದ; ಅದಕ್ಕೆ ಮೊದಲು ಕೊಟ್ಟ ಹಣಕ್ಕೆ ರಸೀದಿಯೂ ಇರುತ್ತಿರಲಿಲ್ಲ. ಬಾಡಿಗೆಯನ್ನು ಹೀಗೆ ಹಳೆಯ ಮಟ್ಟದಲ್ಲಿಯೇ ನಿಲ್ಲಿಸಿರುವುದು ಕಾಲಕ್ರಮದಲ್ಲಿ ಅಸಮಂಜಸವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವೇ 1997ರ ಡಿಸೆಂಬರಿನಲ್ಲಿ ಹೇಳಿತ್ತು.

ಬಸ್ಸುಗಳಿಂದ ಹೊರಟ ವಾದ

8ಎ ಅಧ್ಯಾಯವನ್ನು ಮಾಲೀಕರ ಸಂಘವು ಪ್ರಶ್ನಿಸಿತು. ಮುಂಬಯಿ ಉಚ್ಚ ನ್ಯಾಯಾಲಯ 1991ರ ಡಿಸೆಂಬರಿನಲ್ಲಿ ಅರ್ಜಿಗಳನ್ನು ವಜಾ ಮಾಡಿತು. ಮೇಲ್ಮನವಿಯು ಸರ್ವೋಚ್ಚ ನ್ಯಾಯಾಲಯದಲ್ಲಿ ಮೂವರಿಂದ ಐವರಿಗೆ, ಐವರಿಂದ ಏಳು ಮಂದಿಗೆ, 2002ರಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠಕ್ಕೆ ಏರುತ್ತ ಹೋಯಿತು. ಇಷ್ಟಕ್ಕೆಲ್ಲ ಕಾರಣವಾದ ಪ್ರಶ್ನೆ ಒಂದೇ. ಸಮುದಾಯದ ಭೌತಿಕ ಸಂಪನ್ಮೂಲಗಳು ಸರ್ವರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕೆಂದು 39ನೆಯ ಅನುಚ್ಛೇದದ (ಬಿ) ಖಂಡವು ರಾಜ್ಯಕ್ಕೆ ನಿರ್ದೇಶಿಸುತ್ತದೆ. ಒಬ್ಬ ಖಾಸಗಿ ವ್ಯಕ್ತಿಯ ಮನೆ ಅಥವಾ ಕಟ್ಟಡ ‘ಸಮುದಾಯದ ಸಂಪನ್ಮೂಲ’ ಆಗುತ್ತದೆಯೇ?

ಆಗುತ್ತದೆ ಎಂಬ ವಿಶಾಲ ಅರ್ಥ ಮೊದಲು ಮೂಡಿದ್ದು ಕರ್ನಾಟಕದ ಒಂದು ಮೊಕದ್ದಮೆಯಲ್ಲಿ. ಖಾಸಗಿ ಕಾಂಟ್ರಾಕ್ಟ್ ಬಸ್ಸುಗಳನ್ನು ಸರ್ಕಾರ ವಶಪಡಿಸಿಕೊಳ್ಳಲು 1976ರಲ್ಲಿ ಕರ್ನಾಟಕ ಒಂದು ಕಾಯಿದೆ ಮಾಡಿತ್ತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದಾಗ, ಮೂವರ ಪರವಾಗಿ ಪ್ರತ್ಯೇಕ ತೀರ್ಪು ಬರೆದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಖಾಸಗಿ ಸ್ವತ್ತೂ ಸಮುದಾಯದ ಸಂಪನ್ಮೂಲವೇ ಎಂದರು. ಪೀಠದ ಉಳಿದ ನಾಲ್ವರು ಆ ಮಾತಿಗೆ ಒಪ್ಪಿಗೆ ಸೂಚಿಸಿರಲಿಲ್ಲ. ಆದರೂ ಮುಂದಿನ ತೀರ್ಪುಗಳಲ್ಲಿ ಅದು ಬೇರೂರಿತು.

2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಏಳು ಮಂದಿಯ ಪರವಾಗಿ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರು ಬರೆದ ತೀರ್ಪಿನ ಸಾರ ಇದು: ಖಾಸಗಿ ಸ್ವತ್ತು ಸಮುದಾಯದ ಸಂಪನ್ಮೂಲ ಆಗಬಹುದು, ಆದರೆ ಎಲ್ಲ ಖಾಸಗಿ ಸ್ವತ್ತೂ ಹಾಗಲ್ಲ. ಆ ಸಂಪನ್ಮೂಲದ ಸ್ವರೂಪ, ಸಮುದಾಯದ ಹಿತದ ಮೇಲೆ ಅದರ ಪರಿಣಾಮ, ಅದರ ವಿರಳತೆ, ಕೆಲವರ ಕೈಯಲ್ಲಿ ಅದು ಕೂಡಿಕೊಂಡರೆ ಆಗುವ ಫಲ, ಇವುಗಳನ್ನು ಪ್ರತಿ ಸಂದರ್ಭದಲ್ಲಿಯೂ ನೋಡಬೇಕು. ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಭಾಗಶಃ ಸಹಮತಿಯ ಪ್ರತ್ಯೇಕ ತೀರ್ಪು ನೀಡಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರದು ಭಿನ್ನಮತ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಈ ತೀರ್ಪಿನಿಂದ ಭೂಸ್ವಾಧೀನವೇ ನಿಂತುಹೋಯಿತೆಂದು ಕೆಲವರು ಭಾವಿಸಿದರು. ಪೀಠವು ಉತ್ತರಿಸಿದ್ದು ಸಂವಿಧಾನದ ಅರ್ಥವನ್ನು ಕುರಿತ ಪ್ರಶ್ನೆಗೆ ಮಾತ್ರ. ಸಾರ್ವಜನಿಕ ಉದ್ದೇಶಕ್ಕೆ ಪರಿಹಾರ ಕೊಟ್ಟು ಭೂಮಿ ಪಡೆಯುವ ಅಧಿಕಾರ ಹಾಗೆಯೇ ಇದೆ. 8ಎ ಅಧ್ಯಾಯ ಸಿಂಧುವೇ ಅಲ್ಲವೇ ಎಂಬುದನ್ನೂ ಒಂಬತ್ತು ಮಂದಿ ನಿರ್ಣಯಿಸಲಿಲ್ಲ.

ಪರಿಹಾರದ ಲೆಕ್ಕ

ಸಾಮಾನ್ಯ ಭೂಸ್ವಾಧೀನಕ್ಕೆ ಈಗ ಅನ್ವಯಿಸುವುದು 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ನ್ಯಾಯೋಚಿತ ಪರಿಹಾರ ಕಾಯಿದೆ. 1894ರ ಕಾಯಿದೆ ಅದರೊಡನೆ ರದ್ದಾಯಿತು. ಮುದ್ರಾಂಕಕ್ಕೆ ನಿಗದಿಯಾದ ದರ (ಮುಂಬಯಿಯಲ್ಲಿ ರೆಡಿ ರೆಕನರ್ ದರವೆಂದು ಪ್ರಸಿದ್ಧ) ಮತ್ತು ಹಿಂದಿನ ಮೂರು ವರ್ಷಗಳ ಸುತ್ತಲಿನ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟರ ಸರಾಸರಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಮಾರುಕಟ್ಟೆ ಬೆಲೆ. ಖಾಸಗಿ ಕಂಪನಿ ಅಥವಾ ಪಾಲುದಾರಿಕೆಯ ಯೋಜನೆಯಾದರೆ ಒಪ್ಪಿಗೆಯಾದ ಮೊತ್ತವನ್ನೂ ಇವುಗಳೊಡನೆ ತೂಗಿ ನೋಡಲಾಗುತ್ತದೆ. ಗ್ರಾಮಾಂತರದಲ್ಲಿ ಈ ಬೆಲೆಯನ್ನು ಎರಡು ಪಟ್ಟಿನವರೆಗೆ ಏರಿಸಬಹುದು, ನಗರದಲ್ಲಿ ಏರಿಕೆಯಿಲ್ಲ. ಕಟ್ಟಡ, ಮರಗಳ ಬೆಲೆ ಇದಕ್ಕೆ ಸೇರುತ್ತದೆ. ಬಲವಂತದ ಸ್ವಾಧೀನದ ನೋವಿಗಾಗಿ ಕೊಡುವ ಸೊಲೇಷಿಯಂ ಎಂಬ ಹೆಚ್ಚುವರಿ ಮೊತ್ತ ಹಳೆಯ ಕಾಯಿದೆಯಲ್ಲಿ 1984ರ ನಂತರ ಶೇಕಡಾ 30 ಇತ್ತು. ಈಗ ಶೇಕಡಾ 100. ನೆಲದ ಬೆಲೆ ಒಂದು ಕೋಟಿ, ಕಟ್ಟಡದ್ದು ಇಪ್ಪತ್ತು ಲಕ್ಷ ಎಂದಾದರೆ ಸೊಲೇಷಿಯಂ ಸೇರಿ ಎರಡು ಕೋಟಿ ನಲವತ್ತು ಲಕ್ಷ ರೂಪಾಯಿ ಆಗುತ್ತದೆ. ಇದರ ಮೇಲೆ ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇಕಡಾ 12ರಂತೆ ಮೊತ್ತವೂ ಸಲ್ಲುತ್ತದೆ. ಮೇಲೆ ಹೇಳಿದ ನೂರು ತಿಂಗಳ ಬಾಡಿಗೆಗೂ ಇದಕ್ಕೂ ಇರುವ ಅಂತರವನ್ನು ಓದುಗರೇ ಅಳೆಯಬಹುದು. ರಾಷ್ಟ್ರೀಯ ಹೆದ್ದಾರಿ, ಮೆಟ್ರೊ ಮೊದಲಾದ ಪ್ರತ್ಯೇಕ ಕಾಯಿದೆಗಳಡಿ ಭೂಮಿ ಪಡೆಯುವ ವಿಧಾನ ಬೇರೆಯಾದರೂ, 2015ರಿಂದ ಪರಿಹಾರ ಇದೇ ಪ್ರಮಾಣದ್ದು.

ಉಪನಗರವಾದ ವಿಕ್ರೋಲಿಯ ಪ್ರಕರಣ ಈ ಕಾಯಿದೆಯ ನಡೆಯನ್ನು ತೋರಿಸುತ್ತದೆ. ಮುಂಬಯಿ–ಅಹಮದಾಬಾದ್ ಅತಿವೇಗದ ರೈಲಿಗಾಗಿ ಗೋದ್ರೆಜ್ ಮತ್ತು ಬಾಯ್ಸ್ ಸಂಸ್ಥೆಯ ಸುಮಾರು 9.69 ಎಕರೆ ನೆಲಕ್ಕೆ 2022ರ ಸೆಪ್ಟೆಂಬರಿನಲ್ಲಿ 264 ಕೋಟಿ ರೂಪಾಯಿಗಳ ಐತೀರ್ಪು ಹೊರಟಿತು. ಸಂಸ್ಥೆ ಅದನ್ನು ಪ್ರಶ್ನಿಸಿತು. 2023ರ ಫೆಬ್ರುವರಿ 9ರಂದು ಉಚ್ಚ ನ್ಯಾಯಾಲಯ ಯೋಜನೆಯ ಸಾರ್ವಜನಿಕ ಮಹತ್ವವನ್ನು ಮುಂದಿಟ್ಟು ಅರ್ಜಿಯನ್ನು ತಳ್ಳಿಹಾಕಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವೂ ಮಧ್ಯಪ್ರವೇಶಿಸಲಿಲ್ಲ. ದೊಡ್ಡ ಸಂಸ್ಥೆಗೂ ಸಣ್ಣ ಮಾಲೀಕನಿಗೂ ಇಲ್ಲಿ ಪಾಠ ಒಂದೇ: ಮಹತ್ವದ ಯೋಜನೆಯನ್ನು ನಿಲ್ಲಿಸುವುದು ಬಲು ಕಷ್ಟ, ಮೊತ್ತದ ಬಗೆಗಿನ ತಕರಾರಿಗೆ ಮಾತ್ರ ಬೇರೆ ಮಾರ್ಗವಿದೆ.

ಹಣದ ಬದಲು ಕಟ್ಟುವ ಹಕ್ಕು

ಮುಂಬಯಿಯಲ್ಲಿ ನೆಲ ಯಾವಾಗಲೂ ಹಣಕ್ಕೆ ಪ್ರತಿಯಾಗಿ ಹೋಗುವುದಿಲ್ಲ. ನಗರದ ಅಭಿವೃದ್ಧಿ ಯೋಜನೆಯಲ್ಲಿ ರಸ್ತೆ, ಉದ್ಯಾನಗಳಿಗೆ ಕಾದಿರಿಸಿದ ಜಾಗವನ್ನು ಬಿಟ್ಟುಕೊಟ್ಟ ಮಾಲೀಕನಿಗೆ, ಬೇರೆಡೆ ಅಷ್ಟು ಕಟ್ಟಡ ಕಟ್ಟುವ ವರ್ಗಾಯಿಸಬಹುದಾದ ಹಕ್ಕಿನ ಪ್ರಮಾಣಪತ್ರವನ್ನು ಕೊಡುವ ಪದ್ಧತಿ 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳೊಂದಿಗೆ ಬಂತು. ಜನರ ಬಾಯಿಯಲ್ಲಿ ಇದು ‘ಟಿಡಿಆರ್’. ಇದರಿಂದ ಮಹಾನಗರಪಾಲಿಕೆಯ ಬೊಕ್ಕಸಕ್ಕೆ ಭಾರ ತಪ್ಪಿತು. ಮಾಲೀಕನು ಆ ಪತ್ರವನ್ನು ಕಟ್ಟಡ ನಿರ್ಮಾಪಕರಿಗೆ ಮಾರಿಕೊಳ್ಳಬಹುದು. ಆದರೆ ಅದರ ಬೆಲೆ ಮಾರುಕಟ್ಟೆಯ ಏರಿಳಿತಕ್ಕೆ ಒಳಪಟ್ಟದ್ದೆಂಬುದನ್ನು ಒಪ್ಪಿಕೊಳ್ಳುವ ಮುನ್ನ ತಿಳಿದಿರಬೇಕು. ಕಾದಿರಿಸಿದ ಜಾಗವನ್ನು ಯೋಜನೆ ಜಾರಿಯಾದ ಹತ್ತು ವರ್ಷಗಳೊಳಗೆ ಪಡೆಯದಿದ್ದರೆ ಮಾಲೀಕನು 1966ರ ನಗರ ಯೋಜನಾ ಕಾಯಿದೆಯ 127ನೆಯ ಕಲಮಿನಡಿ ನೋಟೀಸು ಕೊಡಬಹುದು. ಮುಂದಿನ 24 ತಿಂಗಳೊಳಗೆ ಸ್ವಾಧೀನದ ಕ್ರಮ ಆರಂಭವಾಗದಿದ್ದರೆ ಮೀಸಲಾತಿ ತಾನಾಗಿ ಅಳಿಯುತ್ತದೆ.

ಬಾಡಿಗೆದಾರನ ಸ್ಥಾನ

ಹಳೆಯ ಸುಧಾರಣಾ ಟ್ರಸ್ಟಿನ ಕಾಲಕ್ಕೆ ಹೋಲಿಸಿದರೆ 2013ರ ಕಾಯಿದೆ ದೊಡ್ಡ ಹೆಜ್ಜೆ ಇಟ್ಟಿರುವುದು ಇಲ್ಲಿ. ‘ಹಿತಾಸಕ್ತ ವ್ಯಕ್ತಿ’ ಎಂಬ ಪದದಲ್ಲಿ ರಾಜ್ಯದ ಕಾನೂನಿನಂತೆ ಗೇಣಿ ಅಥವಾ ಬಾಡಿಗೆಯ ಹಕ್ಕುಳ್ಳವನೂ, ಜೀವನೋಪಾಯ ಕಳೆದುಕೊಳ್ಳುವವನೂ ಸೇರಿದ್ದಾರೆ. ಆದ್ದರಿಂದ ಹೋಟೆಲು ನಡೆಸುವ ಬಾಡಿಗೆದಾರನು ಪರಿಹಾರದಲ್ಲಿ ತನ್ನ ಪಾಲನ್ನು ಕೇಳಿ ಹಕ್ಕುಸಾಧನೆ ಸಲ್ಲಿಸಬಹುದು. ಮಾಲೀಕನಿಗೂ ಆತನಿಗೂ ಹಂಚಿಕೆಯಲ್ಲಿ ವಿವಾದ ಬಂದರೆ ಕಾಯಿದೆಯಡಿ ಸ್ಥಾಪಿತವಾದ ಪ್ರಾಧಿಕಾರಕ್ಕೆ ಅದನ್ನು ಒಪ್ಪಿಸಲು ಅವಕಾಶವಿದೆ. ಅಧಿಸೂಚನೆಗೆ ಹಿಂದಿನ ಮೂರು ವರ್ಷ ಸತತವಾಗಿ ಅಲ್ಲಿ ವಾಸವಾಗಿದ್ದು ಸ್ವಂತ ನಿವೇಶನವಿಲ್ಲದೆ ಸ್ಥಳಾಂತರಗೊಳ್ಳುವ ಬಾಧಿತ ಕುಟುಂಬಕ್ಕೆ, ನಗರದಲ್ಲಿ 50 ಚದರ ಮೀಟರಿಗೆ ಕಡಿಮೆಯಿಲ್ಲದ ಮನೆಯನ್ನು ಪುನರ್ವಸತಿಯ ಅನುಸೂಚಿಯು ವಿಧಿಸುತ್ತದೆ. ಇದಕ್ಕೆಲ್ಲ ಆಧಾರ ಕಾಗದಪತ್ರ. ಬಾಡಿಗೆ ರಸೀದಿ, ವಿದ್ಯುತ್ ಬಿಲ್ಲು, ಪಡಿತರ ಚೀಟಿ, ಅಂಗಡಿ ಪರವಾನಗಿಗಳು ಒಂದೇ ಹೆಸರಿನಲ್ಲಿ ಇವೆಯೇ ಎಂದು ನೋಡಿಕೊಳ್ಳುವುದು ಒಳಿತು. ತಂದೆ ತೀರಿಕೊಂಡು ಇಪ್ಪತ್ತು ವರ್ಷವಾದರೂ ರಸೀದಿ ಅವರ ಹೆಸರಿನಲ್ಲಿಯೇ ಮುಂದುವರಿದಿರುವುದು ಮುಂಬಯಿಯ ಚಾಳ್‌ಗಳಲ್ಲಿ ಅಪರೂಪವಲ್ಲ.

ಕಾಗದಪತ್ರವೇ ಇಲ್ಲದೆ ಸರ್ಕಾರ ನೆಲವನ್ನು ಬಳಸಿಕೊಂಡ ಪ್ರಸಂಗಗಳೂ ಉಂಟು. ಮುಂಬಯಿಗೆ ಹೊಂದಿಕೊಂಡಂತಿರುವ ಠಾಣೆ ತಾಲ್ಲೂಕಿನ ಶಿರವಣೆಯ ರೈತರ ಭೂಮಿಯನ್ನು ಕೈಗಾರಿಕಾ ಬೆಳವಣಿಗೆಗಾಗಿ 1960ರ ದಶಕದಲ್ಲಿ ತೆಗೆದುಕೊಂಡು, ಕೆಲವರಿಗೆ ಪರಿಹಾರವನ್ನೇ ಕೊಟ್ಟಿರಲಿಲ್ಲ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಡವಾಗಿ ಬಂದಿರಿ ಎಂದು ಹೇಳಿ ಅಂಥವರನ್ನು ಹಿಂದಕ್ಕೆ ಕಳಿಸುವಂತಿಲ್ಲ, ಸ್ವತ್ತಿನ ಹಕ್ಕು ಮಾನವ ಹಕ್ಕೂ ಹೌದು ಎಂದಿತು. ಬೆಂಗಳೂರು–ಮೈಸೂರು ಕಾರಿಡಾರ್ ರಸ್ತೆಗಾಗಿ ನಿವೇಶನ ಕಳೆದುಕೊಂಡು ಎರಡು ದಶಕಗಳಿಗೂ ಮೀರಿ ಕಾದವರಿಗೆ, 2025ರ ಜನವರಿ 2ರಂದು ಅದೇ ನ್ಯಾಯಾಲಯ 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಂತೆ ಪರಿಹಾರ ನೀಡಲು ಆದೇಶಿಸಿತು. 2024ರ ಮೇ ತಿಂಗಳ ಇನ್ನೊಂದು ತೀರ್ಪು, ನೋಟೀಸು ಪಡೆಯುವುದು, ಅಹವಾಲು ಹೇಳಿಕೊಳ್ಳುವುದು, ಕಾರಣಸಹಿತ ನಿರ್ಧಾರ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ವಿಳಂಬವಿಲ್ಲದ ಪ್ರಕ್ರಿಯೆ, ಪ್ರಕ್ರಿಯೆಯ ಪೂರ್ಣತೆ ಎಂಬ ಏಳು ಅಂಶಗಳು 300ಎ ಅನುಚ್ಛೇದದಲ್ಲಿಯೇ ಇವೆ ಎಂದು ವಿವರಿಸಿತು.

ನೋಟೀಸು ಬಂದಾಗ

ಪ್ರಾಥಮಿಕ ಅಧಿಸೂಚನೆಯು ರಾಜ್ಯಪತ್ರದಲ್ಲಿಯೂ ಎರಡು ದಿನಪತ್ರಿಕೆಗಳಲ್ಲಿಯೂ ಪ್ರಕಟವಾಗುತ್ತದೆ. ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದು, ಮುಂಬಯಿಯಲ್ಲಿ ಮರಾಠಿಯದು. ಕನ್ನಡ ಪತ್ರಿಕೆಯನ್ನಷ್ಟೇ ಓದುವ ಮನೆಗಳು ಇದನ್ನು ಗಮನದಲ್ಲಿಡಬೇಕು. ಪ್ರಕಟಣೆಯಿಂದ 60 ದಿನಗಳೊಳಗೆ ಜಿಲ್ಲಾಧಿಕಾರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ದ್ವೀಪನಗರಕ್ಕೆ ಫೋರ್ಟಿನ ಹಳೆಯ ಕಸ್ಟಮ್ ಹೌಸ್‌ನಲ್ಲಿಯೂ ಉಪನಗರಕ್ಕೆ ಬಾಂದ್ರಾ ಪೂರ್ವದಲ್ಲಿಯೂ ಪ್ರತ್ಯೇಕ ಜಿಲ್ಲಾಧಿಕಾರಿ ಕಚೇರಿಗಳಿವೆ. ಅಧಿಸೂಚನೆಯ ನಂತರ ಆ ನೆಲದ ಮಾರಾಟ, ಪರಭಾರೆಗಳಿಗೆ ನಿರ್ಬಂಧವಿರುತ್ತದೆ. ಐತೀರ್ಪಿನ ಮೊತ್ತ ಕಡಿಮೆಯೆನಿಸಿದರೆ, ಅದು ಹೊರಟಾಗ ಹಾಜರಿದ್ದವರು ಆರು ವಾರಗಳೊಳಗೆ 64ನೆಯ ಕಲಮಿನಡಿ ಪ್ರಾಧಿಕಾರಕ್ಕೆ ಒಪ್ಪಿಸುವಂತೆ ಅರ್ಜಿ ಕೊಡಬೇಕು. ಹಾಜರಿಲ್ಲದವರಿಗೆ ನೋಟೀಸು ತಲುಪಿದ ದಿನದಿಂದ ಆರು ವಾರ, ಅಥವಾ ಐತೀರ್ಪಿನ ದಿನದಿಂದ ಆರು ತಿಂಗಳು, ಇವೆರಡರಲ್ಲಿ ಯಾವುದು ಮೊದಲು ಮುಗಿಯುವುದೋ ಆ ಅವಧಿ ಅನ್ವಯಿಸುತ್ತದೆ. ಅರ್ಜಿ ಕೊಡಲು ಬಯಸುವವರು ಹಣವನ್ನು ಬೇಡವೆಂದು ಬಿಡಬೇಕಾಗಿಲ್ಲ. ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದು ಸಹಿ ಮಾಡಿ ಪಡೆಯಬಹುದು. ಆ ಮಾತನ್ನು ಬರೆಯದೆ ಹಣ ಪಡೆದವರಿಗೆ ಹೆಚ್ಚಿನ ಪರಿಹಾರ ಕೇಳುವ ಅರ್ಜಿಯ ಬಾಗಿಲು ಮುಚ್ಚುತ್ತದೆ. ವಕೀಲರ ವೆಚ್ಚ ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.